ಬಾಲದ ಪಾಲು

“ಬಾಲ ಬಿಚ್ಬೇಡ್ಲೇ ಬೋಳೀಮಗನೇ, ಇಳಿ ಒಳಕ್ಕೆ!”

ಜಮೀನ್ದಾರ ವಡೇರನ ಕೆಲಸ ನೋಡಿಕೊಳ್ಳುವ ಕಾಮದಾರ ಖಮೀಸೋ ಬೆತ್ತದ ತುದಿಯಿಂದ ನನ್ನ ಮಾವನ ಬೆನ್ನು ತಿವಿದ. ಮಾವ ಪಾಂಚೋ ಹೂಳುಗುಂಡಿಯ ಅಂಚಿನಲ್ಲಿ ನಿಂತಿದ್ದರು. ಹೋದ ಸಲ ಅವರ ಮಗ ಇಳಿದದ್ದು ಇದೇ ಗುಂಡಿಗೆ.

“ಇಳೀತೀನಿ ಧಣಿ. ಮೇಲ್ಗಡೆ ತೂಬಿನ ಬಾಗ್ಲು ಹಾಕವ್ರಾ ಅಂತ ಒಂದ್ ಮಾತು ಕೇಳ್ಬಿಡಿ.”

“ಯಾಕೆ, ಮಗನ ತರ ಸಾಯ್ತೀಯಾ? ಸಾಯಿ. ಬೇರೆ ಗುಂಡಿ ತೋಡೋ ಕೆಲ್ಸ ಉಳೀತು.”

ಮಾವ ಇಳಿದರು.

ನಮ್ಮ ಗುಡಿಸಲುಗಳು ಕಾಲುವೆಯ ಕೊನೆಯಲ್ಲಿವೆ. ವಡೇರನ ಮಾವಿನ ತೋಟ ತಲೆಯಲ್ಲಿ, ಈ ಗುಂಡಿಯ ಮಗ್ಗುಲಲ್ಲೇ ಇದೆ. ಹಾಗಾಗಿ ನಾವು ಬಾಲದವರು. ನಮ್ಮ ಜಾತಿ ಹಿಡಿದು ಕೋಲ್ಹಿಗಳು ಎನ್ನುವ ಬದಲು ಜನ ಹಾಗೆನ್ನುತ್ತಾರೆ, ಎರಡಕ್ಕೂ ಒಂದೇ ದನಿ.

ನಾನು ಮದುವೆಯಾಗಿ ಬಂದ ವರ್ಷ ಕಾಲುವೆಗೆ ಸುಧಾರಣೆ ಬಂತು. ಹೂಳು ಬಾಲಕ್ಕೆ ಹೋಗದಂತೆ ತಡೆಯಲು ಗುಂಡಿ, ಅದರ ಕೆಳಗೆ ಸಿಮೆಂಟಿನ ಇಕ್ಕಟ್ಟು ಗಂಟಲು, ಗಂಟಲಿನ ಗೋಡೆಯಲ್ಲಿ ನೀರಿನ ಎತ್ತರ ತೋರಿಸುವ ಅಂಕಿ ಬರೆದ ಬೋರ್ಡು. ನನ್ನ ಗಂಡ ಹಮೀರೋಗೆ ಖುಷಿಯೋ ಖುಷಿ. “ಇನ್ಮೇಲೆ ನಮ್ ಪಾಲು ಗೋಡೆ ಮೇಲೇ ಇರುತ್ತೆ ಕಣೇ” ಎಂದಿದ್ದ.

ಅದಕ್ಕೆ ಮುಂಚೆ ಅಳತೆ ಬಳೆಯಲ್ಲಿತ್ತು. ನಮ್ಮ ಮುತ್ತೈದೆಯರು ಮಣಿಕಟ್ಟಿನಿಂದ ಭುಜದವರೆಗೆ ಬಿಳಿ ಬಳೆ ತೊಡುತ್ತಾರೆ. ನೀರಿನ ಸರದಿ ಬಂದಾಗ ಅತ್ತೆ ಧಾನಿ ಕಾಲುವೆಯ ತಳಕ್ಕೆ ಕೈಯೂರಿ, ಎಷ್ಟು ಬಳೆ ಮುಳುಗಿತೆಂದು ಕೂಗಿ ಹೇಳುತ್ತಿದ್ದರು. ವಿಧವೆಯ ಕೈ ಅಳತೆಗೆ ಬರುವುದಿಲ್ಲ.

ಹಮೀರೋ ಗುಂಡಿಯಲ್ಲಿದ್ದಾಗ ತೋಟದ ಸರದಿ ಬಂತು. ಯಾರೋ ಬಾಗಿಲು ಎತ್ತಿದರು. ಒದ್ದೆ ಮರಳು ಅವನ ಮೇಲೆ ಕುಸಿಯಿತು. ನಾವು ಕೈಯಿಂದಲೇ ಬಗೆದು ಅವನನ್ನು ತೆಗೆದೆವು. “ಮಣ್ಣು ದಂಡೆ ಮೇಲೆ ಬಿಡ್ಬೇಡಿ, ಮಾವಿನ ಬುಡಕ್ಕೆ ಹಾಕಿ” ಎಂದ ಖಮೀಸೋ. ಹಾಕಿದೆವು. ಆಮೇಲೆ ಅತ್ತೆ ನನ್ನ ಬಳೆ ತೆಗೆದರು.

ಇವತ್ತು ಮಾವ ಜೀವಸಹಿತ ಮೇಲೆ ಬಂದರು. ತೆಗೆದ ಹೂಳು ದಂಡೆಯ ಮೇಲೆ ಗುಡ್ಡೆಯಾಗಿತ್ತು.

“ಗಂಟಲಿನ ಕೆಳಗೆ ಸುರೀರಿ, ಕಾಲುವೆ ಒಳಕ್ಕೇ” ಎಂದ ಖಮೀಸೋ.

“ಅಲ್ಲಿ ಸುರಿದ್ರೆ ನಮ್ ನೀರು ನಿಂತೋಗುತ್ತಲ್ಲ ಧಣಿ?”

“ನಿಂತ್ರೆ ತಾನೇ ಏರೋದು? ನಿಮ್ ಪಾಲು ನೋಡಕ್ಕೆ ಸಾಹೇಬ್ರು ಬರ್ತಾವ್ರೆ. ಬೋರ್ಡಲ್ಲಿ ಅಂಕಿ ಏರ್ಬೇಕು.”

ಸುರಿದೆವು. ಬಾಗಿಲು ಎತ್ತಿದರು. ನೀರು ಗಂಟಲು ದಾಟಿ, ಹೂಳಿಗೆ ಬಡಿದು ನಿಂತಿತು. ಬೋರ್ಡಿನ ಮೇಲೆ ಏರಿತು. ಬಾಲಕ್ಕೆ ಹೋದದ್ದು ಆಡು ಉಚ್ಚೆ ಹೊಯ್ದಷ್ಟು. ಅಲ್ಲಿ ನಮ್ಮ ಮೆಣಸಿನ ಗಿಡಗಳು ಹೂ ಉದುರಿಸುತ್ತಿದ್ದವು. ಈ ಸರದಿಯ ನೀರು ತಪ್ಪಿದರೆ ಅವು ಉಳಿಯುವುದಿಲ್ಲ. ಗಿಡ ಒಣಗಿಸಿದವರನ್ನು ವಡೇರ ಗುಡಿಸಲಿನಿಂದ ಎಬ್ಬಿಸುತ್ತಾನೆ. ಬಾಲದ ಭೂಮಿಗೂ ಮಾವು ನೆಡಿಸುವ ಆಸೆ ಅವನಿಗೆ.

ನೀರಾವರಿ ಸಾಹೇಬ ಜೀಪಿನಿಂದಿಳಿದು ಮೂಗಿಗೆ ಕರ್ಚೀಫು ಹಿಡಿದ. ಬೋರ್ಡು ನೋಡಿದ.

“ಬಾಲದ ಪಾಲು ಪೂರ್ತಿ ಇದೆಯಲ್ಲ. ಇನ್ನೇನು ನಿಮ್ಮ ಗೋಳು?”

“ನೀರು ನಿಂತಿದೆ ಸಾಹೇಬ್ರೇ” ಎಂದೆ. “ಕೆಳಗೆ ಹೂಳು ಸುರಿಸಿದಾರೆ. ಬೋರ್ಡು ನೀರಿನ ಎತ್ತರ ಹೇಳುತ್ತೆ, ಹರೀತಿದೆಯೋ ಇಲ್ವೋ ಹೇಳಲ್ಲ. ಒಂದು ಹುಲ್ಲುಕಡ್ಡಿ ಹಾಕಿ ನೋಡಿ.”

“ಯಾರಿವಳು?”

“ಜಾಮ್‌ಶೋರೋ ಯೂನಿವರ್ಸಿಟೀಲಿ ದೊಡ್ಡ ಓದು ಓದವ್ಳೆ. ಓದ್ಕೊಂಡು ಬಂದು ಗಂಡನ್ನ ನುಂಗಿದ್ಲು.” ಖಮೀಸೋ ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿದ. ಕುಪ್ಪಸದ ತೋಳು ಜಾರಿತು. “ಲೇ ಮುಂಡೆ, ಒಂದ್ ಬಳೆನಾದ್ರೂ ಐತೇನೇ? ಅಳೆಯಕ್ಕೆ ಬಂದ್ಬಿಟ್ಲು!”

ಸಾಹೇಬ ನಕ್ಕ. ನಮ್ಮವರಲ್ಲೂ ಒಬ್ಬ ನಕ್ಕ.

ತೋಟದ ಬೈಠಕ್ಕಿನಲ್ಲಿ, ವಡೇರ ಅತಿಥಿಗಳನ್ನು ಕೂರಿಸುವ ಚಾವಡಿಯಲ್ಲಿ, ಕುರಿಮಾಂಸ ಬೆಂದ ವಾಸನೆ ಬರುತ್ತಿತ್ತು. ಇಬ್ಬರೂ ಆ ಕಡೆ ಹೊರಟರು. ಖಮೀಸೋ ತಿರುಗಿ ನಿಂತು ಗದರಿದ: “ಊಟ ಮುಗ್ಸಿ ಸಾಹೇಬ್ರು ಇನ್ನೊಂದ್ಸಲ ನೋಡ್ತಾರೆ. ಅಂಕಿ ಇಳೀತೋ, ಚರ್ಮ ಸುಲೀತೀನಿ. ಇಳಿಯಂಗಿದ್ರೆ ಇನ್ನಷ್ಟು ಹೂಳು ಹಾಕಿ.”

ನಾನು ಬಾಂಡ್ಲಿ ತುಂಬಿಕೊಂಡೆ. ಗಂಟಲಿನ ಕೆಳಗೆ ಸುರಿದು ಬಂದು ಮತ್ತೆ ತುಂಬಿಕೊಂಡೆ.

“ಏನ್ ಮಾಡ್ತಿದ್ದೀಯೇ ಜಮನಾ?” ಎಂದರು ಅತ್ತೆ. “ಇರೋ ಹನೀನೂ ನಿಂತೋಯ್ತದೆ. ಗಿಡ ಒಣಗ್ತವೆ.”

“ಹೆಂಗಿದ್ರೂ ಒಣಗ್ತವೆ ಅತ್ತೆ. ಧಣಿ ಹೇಳಿದ್ದು ಮಾಡ್ತಿದ್ದೀನಿ.”

ಅತ್ತೆ ಬಾಲದ ಕಡೆ ನೋಡಿದರು. ತೋಟದ ಕಡೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಬಾಂಡ್ಲಿ ಎತ್ತಿದರು. ಹಿಂದೆಯೇ ಉಳಿದ ಹೆಂಗಸರೂ ಎತ್ತಿದರು.

“ಗುಡಿಸ್ಲಿಗೆ ಬೆಂಕಿ ಇಡ್ತಾರೆ, ಬಿಡ್ರೇ!” ಎಂದು ಮಾವ ಕೂಗಿದರು. ಬೈಯುತ್ತಲೇ ಸಲಿಕೆ ತೆಗೆದುಕೊಂಡು ನಮ್ಮ ಬಾಂಡ್ಲಿಗಳಿಗೆ ಹೂಳು ತುಂಬತೊಡಗಿದರು.

ಬಾಲದ ಹನಿ ನಿಂತಿತು. ಗಂಟಲಿನಲ್ಲಿ ನೀರು ಏರಿತು. ಅಂಕಿಗಳು ಮುಳುಗಿದವು, ಬೋರ್ಡಿನ ನೆತ್ತಿಯೂ ಮುಳುಗಿತು. ಹಿಂದೆ ಗುಂಡಿ ತುಂಬಿ, ದಂಡೆ ಕುಸಿದು, ನೀರು ತೋಟದೊಳಕ್ಕೆ ನುಗ್ಗಿತು.

ಸಾಹೇಬ ಬೂಟು ಕೈಯಲ್ಲಿ ಹಿಡಿದು ಓಡಿಬಂದ. ಜಮಖಾನೆಯ ಮೇಲೆ ಅನ್ನ ತೇಲುತ್ತಿತ್ತೆಂದು ಆಮೇಲೆ ಕೇಳಿದೆವು.

“ಎಷ್ಟಿದೆ? ಈಗ ಎಷ್ಟಿದೆ?” ಅವನು ನೀರಿನಲ್ಲಿ ಬೋರ್ಡು ಹುಡುಕುತ್ತಿದ್ದ.

ಅತ್ತೆ ದಂಡೆಯ ಮೇಲೆ ಮಂಡಿಯೂರಿ ಕೈ ಇಳಿಬಿಟ್ಟರು. ಭುಜದವರೆಗೂ.

“ಎಲ್ಲಾ ಬಳೇನೂ ಮುಳುಗವೆ ಸಾಹೇಬ್ರೇ. ಬಾಲದ ಪಾಲು ಪೂರ್ತಿ ಐತೆ. ಬರ್ಕಳಿ.”

ಅವರು ಕೈ ಮೇಲೆತ್ತಿದಾಗ ಖಮೀಸೋನ ಬೆತ್ತ ಅದರ ಮೇಲೆಯೇ ಬಿತ್ತು. ಮತ್ತೆ ಬಿತ್ತು. ಗಂಡ ಎದುರಿಗೇ ನಿಂತಿರುವಾಗ ಅತ್ತೆಯ ಬಳೆಗಳು ಒಡೆದವು. ಮಾವನ ಕೈಯಲ್ಲಿ ಸಲಿಕೆ ಇತ್ತು. ಅವರು ಅದನ್ನು ಕೆಳಗಿಡಲಿಲ್ಲ.

ಪ್ಲಾಸ್ಟಿಕ್ ಬಳೆ. ಬಿಳಿ ಚೂರುಗಳು ನೀರಿಗೆ ಬಿದ್ದು ತೇಲಿದವು. ಗಂಟಲಿನ ಬಾಯಲ್ಲಿ ಸ್ವಲ್ಪ ಹೊತ್ತು ನಿಂತವು. ಬಾಲದ ಕಡೆ ಒಂದೂ ಹೋಗಲಿಲ್ಲ. ನಿಧಾನವಾಗಿ ತಿರುಗಿ ತೋಟದ ಕಡೆ ಹೊರಟವು.

ಹುಲ್ಲುಕಡ್ಡಿ ಹಾಕಿ ನೋಡದ ಸಾಹೇಬ ಈಗ ಅವನ್ನೇ ನೋಡುತ್ತಿದ್ದ. ನಾನು ಇನ್ನೊಂದು ಬಾಂಡ್ಲಿ ಎತ್ತಿದೆ.