ಹುಟ್ಟುಹಬ್ಬದ ಸ್ಕ್ಯಾನು

"ಎಡಕ್ಕೆ ತಿರುಗಿಸ್ರೋ, ಎಡಕ್ಕೆ! ಗೋಡೆ ಗಡಿಯಾರ ಬೀಳುತ್ತೆ!"

ಬೇರೆಂಡನ ಶವಪೆಟ್ಟಿಗೆ ಹೊತ್ತ ಆರು ಜನ ನೆರೆಯವರು ಬಾಗಿಲ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು. ಜರ್ಮನಿಯ ಗಡಿಗೆ ಅಂಟಿದ ಈ ಟ್ವೆಂಟೆ ಸೀಮೆಯಲ್ಲಿ ಸತ್ತವರಿಗೆ ಹೆಗಲು ಕೊಡುವುದು ಮನೆಯವರಲ್ಲ, ನೆರೆಯವರು. ಮುಂದಿನ ಮೂಲೆ ಹಿಡಿದಿದ್ದವನು ಹಾರ್ಮೆನ್, ಪಕ್ಕದ ಮನೆಯವನು.

"ಎಂಥೆಂಥ ಕೊಟ್ಟಿಗೆ ಸಂದೀಲಿ ಹಾಲಿನ ಟ್ಯಾಂಕರ್ ಹಿಂದಕ್ಕೆ ತೆಗೆದೋನು ಇವನು. ತನ್ನ ಮನೆ ಬಾಗಿಲಲ್ಲೇ ಸಿಕ್ಕೊಂಡ ನೋಡು!" ಎಂದ ಹಾರ್ಮೆನ್.

ಹೊತ್ತವರೆಲ್ಲ ನಕ್ಕರು. ಬೇರೆಂಡನ ಹೆಂಡತಿ ಡೀನಿಯೂ ನಕ್ಕಳು. ಗಂಡ ಬದುಕಿದ್ದರೆ ಮೊದಲು ನಗುತ್ತಿದ್ದವನು ಅವನೇ.

ಅಂಗಳದಲ್ಲಿ ಎದುರು ಮನೆಯ ಟ್ರೂಯ್ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಕ್ಯಾನ್ಸರ್ ಅಂದ್ರೆ ಹಾಗೇ ಕಣೇ ಡೀನಿ. ಪುಣ್ಯಕ್ಕೆ ಸ್ಕ್ಯಾನಲ್ಲಿ ಸಿಕ್ತು, ಒಂದು ಪ್ರಯತ್ನ ಮಾಡಿದ ಹಾಗಾದ್ರೂ ಆಯ್ತು."

ಡೀನಿಯ ನಗು ಅಲ್ಲೇ ಆರಿತು. "ಕ್ಯಾನ್ಸರ್ ಅಂತ ಯಾರು ಹೇಳಿದ್ದು?"

"ಹಾರ್ಮೆನ್ನೇ ಬಾಗಿಲಿಗೆ ಬಂದು ಹೇಳಿದ್ನಲ್ಲ."

ಸಾವಿನ ಸುದ್ದಿಯನ್ನು ಮನೆಮನೆಯ ಹಿತ್ತಿಲ ಬಾಗಿಲು ತಟ್ಟಿ ಹೇಳುವುದು ಪಕ್ಕದ ಮನೆಯವನ ಕೆಲಸ. ಅವನ ಬಾಯಲ್ಲಿ ಬಂದದ್ದನ್ನು ಯಾರೂ ನಿಜವೇ ಎಂದು ಮರಳಿ ಕೇಳುವುದಿಲ್ಲ. ಎಂದರೆ ಊರಿಗೆ ಊರೇ ಇವತ್ತು ಒಂದು ಸುಳ್ಳನ್ನು ನಂಬಿ ಬೇರೆಂಡನನ್ನು ಮಣ್ಣು ಮಾಡಲು ಹೊರಟಿತ್ತು.

*

ಬೇರೆಂಡನ ಎಪ್ಪತ್ತರ ಹುಟ್ಟುಹಬ್ಬಕ್ಕೆ ಸ್ಕ್ಯಾನಿನ ಉಡುಗೊರೆ ತಂದವಳು ಅವನ ಅಕ್ಕ ಫೆನ್ನಾ. ಗಡಿಯಾಚೆ ಜರ್ಮನಿಯ ಒಂದು ಕ್ಲಿನಿಕ್ಕಿನಲ್ಲಿ ತಲೆಯಿಂದ ಕಾಲಿನವರೆಗೆ ಇಡೀ ಮೈಯ ಸ್ಕ್ಯಾನು.

"ನಂಗೇನಾಗಿದೆ?" ಎಂದಿದ್ದ ಬೇರೆಂಡ್, ಬಾಯಿ ತುಂಬ ಕೇಕು ಇಟ್ಟುಕೊಂಡು.

"ಏನೂ ಆಗಿಲ್ಲ ಅಂತ ಗೊತ್ತಾಗ್ಲಿ ಅಂತಾನೇ."

ಫೆನ್ನಾಳ ಗಂಡನ ರೋಗ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಹಾಗಾಗಿ ಅವಳಿಗೆ ಯಾರೂ ಎದುರಾಡಲಿಲ್ಲ. ಕ್ಲಿನಿಕ್ಕಿನವರು ಕಾಫಿ ಕೊಟ್ಟರು, ಮೆತ್ತನೆಯ ಚಪ್ಪಲಿ ಕೊಟ್ಟರು. ಆಮೇಲೆ ಮೇದೋಜೀರಕದಲ್ಲಿ ಒಂದು ನೀರುಗುಳ್ಳೆ ಇದೆ, ತೆಗೆಸುವುದೇ ಒಳ್ಳೆಯದು ಎಂದರು.

"ತೆಗೆಸದೇ ಬಿಟ್ರೆ?" ಎಂದು ಡೀನಿ ಕೇಳಿದ್ದಳು.

ಡಾಕ್ಟರು ಮುಗುಳ್ನಕ್ಕರು. "ಅಮ್ಮಾ, ಹೊಟ್ಟೇಲಿ ಬಾಂಬ್ ಇಟ್ಕೊಂಡು ಓಡಾಡೋಕೆ ಇಷ್ಟಾನಾ ನಿಮಗೆ?"

ಬಾಂಬು ಎಂದ ಮೇಲೆ ಮಾತೇನು ಉಳಿಯುತ್ತದೆ? ಆಪರೇಷನ್ ಆಯಿತು. ವಾರ ಕಳೆದು ಸರ್ಜನ್ ವಾರ್ಡಿಗೆ ಬಂದರು. ಮುಖವೆಲ್ಲ ಹಬ್ಬ. "ಒಳ್ಳೆ ಸುದ್ದಿ! ಕ್ಯಾನ್ಸರ್ ಅಲ್ಲವೇ ಅಲ್ಲ. ಏನೂ ತೊಂದರೆ ಕೊಡದ ಗುಳ್ಳೆ ಅದು."

ಮೂಗಿನಲ್ಲಿ ಒಂದು, ಹೊಟ್ಟೆಯಲ್ಲಿ ಎರಡು ಕೊಳವೆ ಹೊತ್ತು ಮಲಗಿದ್ದ ಬೇರೆಂಡ್ ಕಣ್ಣು ತೆರೆದ.

"ಹಾಗಾದ್ರೆ ವಾಪಸ್ ಇಟ್ಬಿಡಿ ಸ್ವಾಮಿ. ಮನೆಗೆ ಹೋಗ್ತೀನಿ."

ಮನೆಗೆ ಹೋಗಲಾಗಲಿಲ್ಲ. ಒಳಗೆ ಹೊಲಿಗೆ ಸೋರುತ್ತಿತ್ತು. ನಂಜು ಮೈಯೆಲ್ಲ ಏರಿತು.

*

ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ಪಕ್ಕದ ಹಾಲ್‌ನಲ್ಲಿ ಕಾಫಿಗೆ ಕೂತಿದ್ದರು. ಮೇಜಿನ ಮೇಲೆ ಒಣದ್ರಾಕ್ಷಿ ಬ್ರೆಡ್ಡು, ದಪ್ಪ ಬೆಣ್ಣೆ. ಫೆನ್ನಾಳ ಸುತ್ತ ನಾಲ್ಕಾರು ಹೆಂಗಸರು ಸೇರಿ ಕ್ಲಿನಿಕ್ಕಿನ ನಂಬರು ಕೇಳುತ್ತಿದ್ದರು. ಅವಳು ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದಳು.

"ಡೀನಿಗೂ ಗುರುವಾರಕ್ಕೆ ಸ್ಕ್ಯಾನು ಹೇಳಿಟ್ಟಿದ್ದೀನಿ" ಎಂದಳು. "ಪಾಪ, ಇನ್ನು ಅವಳನ್ನ ನಾವೇ ನೋಡ್ಕೋಬೇಕಲ್ಲ."

ಡೀನಿ ಕಾಫಿ ಲೋಟವನ್ನು ಕುಕ್ಕಿ ಇಟ್ಟಳು. "ಹಾರ್ಮೆನ್, ಬಾ ಇಲ್ಲಿ. ನನ್ನ ಗಂಡ ಯಾವುದ್ರಿಂದ ಸತ್ತ?"

ಹಾರ್ಮೆನ್ ಬಾಯಲ್ಲಿದ್ದುದನ್ನು ನುಂಗಿದ. "ಫೆನ್ನಾ ಕ್ಯಾನ್ಸರ್ ಅಂದ್ಳು. ಹಾಗೇ ಹೇಳ್ದೆ."

"ಆಪರೇಷನ್ನಿಂದ ಸತ್ತ. ಬೇಡದ ಆಪರೇಷನ್. ನಮ್ಮೂರ ಡಾಕ್ಟರಮ್ಮ ನಿನ್ನೆ ಬಂದು ಹೇಳಿದ್ಳು. ವಯಸ್ಸಾದೋರಲ್ಲಿ ಎಷ್ಟೋ ಜನಕ್ಕೆ ಇಂಥ ಗುಳ್ಳೆ ಇರುತ್ತಂತೆ. ಬಹಳ ಸಲ ಆಗಾಗ ನೋಡ್ಕೊಂಡಿದ್ರೆ ಸಾಕಂತೆ. ಈ ಮಾತು ಮೊದಲೇ ಒಬ್ಬರಾದ್ರೂ ಆಡಿದ್ರಾ? ಕಾಫಿ ಕೊಟ್ರು, ಚಪ್ಪಲಿ ಕೊಟ್ರು, ಇದೊಂದು ಮಾತು ಕೊಡಲಿಲ್ಲ!"

ಟ್ರೂಯ್ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಯಾವ ಪರೀಕ್ಷೆನೂ ಬೇಡ್ವೇನೇ? ಸ್ತನದ ಫೋಟೋ ತೆಗೆಸೋಕೆ ಕರೆ ಬಂದಿದೆ ನಂಗೆ."

"ಬೇಡ ಅಂತ ನಾನಂದೆನಾ? ಹೋಗು. ಹೋಗೋ ಮೊದ್ಲು ಕೇಳು. ಇದ್ರಿಂದ ಲಾಭ ಎಷ್ಟು, ತೊಂದ್ರೆ ಎಷ್ಟು, ಸುಮ್ನಿದ್ರೆ ಏನು ಅಂತ. ನಾನೂ ಕೇಳಿದ್ದೆ. ಬಾಂಬು ಅಂದ. ಬಾಂಬು ಅನ್ನೋದು ಉತ್ತರಾನಾ?"

ಫೆನ್ನಾಳ ಮುಖ ಬಿಳಚಿಕೊಂಡಿತು. "ನಾನೇ ಕೊಂದೆ ಅಂತೀಯಾ? ನನ್ನ ತಮ್ಮನ್ನ?"

"ನೀನು ಪ್ರೀತಿಯಿಂದ ಕೊಟ್ಟೆ, ಫೆನ್ನಾ. ಅದಕ್ಕೆ ಸಿಟ್ಟಿಲ್ಲ. ಪ್ರೀತೀನ ಹೆದರ್ಸಿ ವ್ಯಾಪಾರ ಮಾಡಿದ್ರಲ್ಲ, ಅವರ ಮೇಲೆ ಸಿಟ್ಟು. ಅವನ ಮಣ್ಣು ಇನ್ನೂ ಹಸಿಯಾಗಿದೆ, ನೀನಾಗ್ಲೇ ಅವರ ನಂಬರು ಹಂಚ್ತಾ ಕೂತಿದ್ದೀಯ. ಅದಕ್ಕೂ ಸಿಟ್ಟು. ಗುರುವಾರ ನಾನು ಬರಲ್ಲ."

ಹಾರ್ಮೆನ್ ಎದ್ದ. ಕಪ್ಪು ಹ್ಯಾಟನ್ನು ತಲೆಗಿಟ್ಟು ಮೊದಲ ಮೇಜಿಗೆ ಹೋಗಿ ಬಗ್ಗಿದ. "ಕ್ಯಾನ್ಸರ್ ಅಲ್ಲ. ನಾನು ಹೇಳಿದ್ದು ತಪ್ಪು. ಆಪರೇಷನ್ನು." ಎರಡನೆಯ ಮೇಜು. "ಕ್ಯಾನ್ಸರ್ ಅಲ್ಲ." ಯಾರೋ ಏನೋ ಕೇಳಿದರು. ಅವನು ಹ್ಯಾಟು ತೆಗೆದು, ಇನ್ನೊಮ್ಮೆ ಬಿಡಿಸಿ ಹೇಳಿ, ಮತ್ತೆ ಇಟ್ಟುಕೊಂಡು ಮುಂದಿನ ಮೇಜಿಗೆ ನಡೆದ.

ಕೊನೆಗೆ ಫೆನ್ನಾಳ ಮೇಜು. ಸುತ್ತಲಿದ್ದ ಹೆಂಗಸರು ಆಗಲೇ ಎದ್ದುಹೋಗಿದ್ದರು. ಹಾರ್ಮೆನ್ ಅಲ್ಲಿ ಹ್ಯಾಟು ತೆಗೆದು ಹಿಂದೆ ಸರಿದ. ಡೀನಿ ಹೋಗಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಫೆನ್ನಾ ತಲೆ ಎತ್ತಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಬ್ರೆಡ್ಡು ಹರಿಯಿತು, ದ್ರಾಕ್ಷಿ ಉದುರಿತು. ಚೂರಿ ತಳಕ್ಕಿಳಿದು ಬರಿಯ ತಟ್ಟೆಯನ್ನು ಕರಕರ ಕೆರೆಯತೊಡಗಿತು.