ರವಿರಾಜ ದುಬೈಗೆ ಹೋಗಿರಲಿಲ್ಲ

ಬೀಜಾಡಿಯ ರವಿರಾಜ ಅಡುಗೆಯಲ್ಲಿ ಎತ್ತಿದ ಕೈ. ಮುನ್ನೂರು ಜನರ ಸಾಂಬಾರಿಗೆ ಉಪ್ಪನ್ನು ಕಣ್ಣಳತೆಯಲ್ಲೇ ಹಾಕುತ್ತಾನೆ. ಎಲ್ಲಿ ಕಲಿತದ್ದು ಎಂದು ಕೇಳಿದರೆ ಮಾತ್ರ ಮಾತು ಬೇರೆಡೆ ತಿರುಗಿಸುತ್ತಿದ್ದ. ಕಲಿತದ್ದು ಜೈಲಿನ ಅಡುಗೆಮನೆಯಲ್ಲಿ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಮುಂಬೈಯಲ್ಲಿ ಗಾಂಜಾ ಸಾಗಿಸುವಾಗ ಸಿಕ್ಕಿಬಿದ್ದು, ನಾಲ್ಕು ವರ್ಷ ಶಿಕ್ಷೆ ಮುಗಿಸಿ ಬಂದವನು. ಬಂದು ಒಂಬತ್ತು ವರ್ಷವಾಯಿತು. ಚಿಕಿತ್ಸೆ ಪಡೆದು ಸೇದುವ ಚಟ ಬಿಟ್ಟಮೇಲೆ ಗಾಂಜಾ ಇರಲಿ, ಬೀಡಿಯನ್ನೂ ಮುಟ್ಟಿಲ್ಲ. ಆದರೂ ವಿಷಯ ಗೊತ್ತಾದ ಮರುದಿನ ಕೆಲಸ ಹೋಗುತ್ತಿತ್ತು.

ತಾಯಿ ಚಂದ್ರಾವತಿ ಒಂದು ಉಪಾಯ ಕೊಟ್ಟಳು. "ಆ ನಾಕ್ ವರ್ಷ ದುಬೈಯಂಗೆ ಇದ್ದಿದ್ದೆ ಅಂದೇಳಿ ಹೇಳ್ ಮಗಾ. ಯಾರ್ ಕಾಂಬುಕೆ ಹೋತ್ರ್?"

ಕೊಲ್ಲೂರಿನ ಒಂದು ಲಾಡ್ಜಿನಲ್ಲಿ ಅಡುಗೆಯವರು ಬೇಕಾಗಿತ್ತು. ರವಿರಾಜ ಹೋದ. ದುಬೈ ಎಂದ.

"ಮಳೆಗಾಲದಂಗೆ ಅಲ್ಲ್ ಕಷ್ಟ ಆಯ್ಲಿಲ್ಯಾ?" ಎಂದು ಮ್ಯಾನೇಜರ್ ಕೇಳಿದರು.

"ಅಯ್ಯೋ, ಕೇಂಬುದ್ ಬ್ಯಾಡ ಮಾರ್ರೆ! ಜೂನಿಂದ ಸೆಪ್ಟೆಂಬರ್ ವರಿಗೆ ಕೊಡೆ ಮಡಚುಕೇ ಇಲ್ಲೆ!"

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನ್ ಹನ್ನೊಂದ್ ವರ್ಷ ಅಲ್ಲೇ ಇದ್ದವ. ನನ್ನ ಕೊಡೆ ಹೊಸ್ತ್ ಹೊಸ್ತಾಗೇ ವಾಪಸ್ ಬಂತ್ ಕಾಣಿ."

ಮನೆಗೆ ಬಂದು ಹೇಳಿದರೂ ಚಂದ್ರಾವತಿ ಸೋಲಲಿಲ್ಲ. "ಹಾಂಗಾರೆ ಮುಂದಿನ್ ಸಲ ಲಂಡನ್ ಅನ್ನ್. ಅಲ್ಲ್ ಮಳೆ ಬತ್ತ್ ಅಂಬ್ರ್."

ಪಕ್ಕದ ಮನೆಯ ರಮ್ಯಶ್ರೀ ಜಗುಲಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಅವಳು ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ.

"ಚಂದ್ರಕ್ಕ, ಲಂಡನ್ ಎಲ್ಲ ಬ್ಯಾಡ. ಸುಳ್ಳ್ ಸಿಕ್ಕಿಬಿದ್ರೆ ಹಳೆ ಕೇಸಿಗಿಂತ ಅದೇ ದೊಡ್ಡದಾತ್ತ್. ರವಿಯಣ್ಣ, ಕೇಂಡ್ರೆ ನಿಜ ಹೇಳಿ. ಎಂತ ತಪ್ಪ್ ಆಯ್ತ್, ಆಮೇಲೆ ಹ್ಯಾಂಗ್ ಬದುಕಿದ್ರಿ, ಈಗ ಎಂತ ಕೆಲ್ಸ ಬತ್ತ್. ಅಷ್ಟೇ ಸಾಕ್."

"ನಿಜ ಹೇಳಿದ್ರೆ ಯಾರ್ ಕೆಲ್ಸ ಕೊಡ್ತ್ರ್?" ಎಂದಳು ಚಂದ್ರಾವತಿ.

"ಸುಮಾರ್ ಜನ ಕೊಡುದಿಲ್ಲೆ ಅಕ್ಕ. ಆದ್ರೆ ಕೊಟ್ಟವ್ರ್ ಮತ್ತೆ ಕೆಲ್ಸದಿಂದ ತೆಗುದಿಲ್ಲೆ."

ರಮ್ಯಶ್ರೀ ಅವನ ಕಾಗದಪತ್ರ ಒಟ್ಟು ಮಾಡಿಸಿದಳು. ಕೋರ್ಟಿನ ಆದೇಶದ ಪ್ರತಿ, ಬಿಡುಗಡೆಯ ಪತ್ರ, ಜೈಲಿನಲ್ಲಿ ಅಡುಗೆ ಮಾಡಿದ್ದಕ್ಕೆ ಪತ್ರ, ವ್ಯಸನಮುಕ್ತಿ ವೈದ್ಯರ ಪತ್ರ. ಎಲ್ಲವೂ ಒಂದೇ ಫೈಲಿನಲ್ಲಿ.

ಸಾಲಿಗ್ರಾಮದಲ್ಲಿ ಸುಗುಣಾ ಎಂಬವರು ಕೇಟರಿಂಗ್ ನಡೆಸುತ್ತಾರೆ. ಅಲ್ಲಿ ಕೆಲಸ ಕೇಳಲು ಹೊರಟ ರವಿರಾಜ ಬಸ್ಸಿನಲ್ಲೇ ಮಾತು ಅಭ್ಯಾಸ ಮಾಡಿದ. "ನಾನ್ ಜೈಲಂಗೆ ಇದ್ದವ" ಎಂದು ಅವನು ನಾಲ್ಕನೇ ಸಲ ಗೊಣಗಿದಾಗ ಪಕ್ಕದಲ್ಲಿದ್ದವರು ಒಂದು ಸ್ಟಾಪ್ ಮೊದಲೇ ಇಳಿದರು.

ಸುಗುಣಾ ಅವರ ಆಫೀಸಿನ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಮನೆ ಯಜಮಾನರಿರಬೇಕು ಎಂದುಕೊಂಡ ರವಿರಾಜ, ಕಣ್ಣು ಮುಚ್ಚಿ ಗಾಂಜಾದಿಂದ ಹಿಡಿದು ವ್ಯಸನಮುಕ್ತಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿದ. ಕಣ್ಣು ಬಿಟ್ಟಾಗ ಆ ಮನುಷ್ಯ ಬೆವರುತ್ತಿದ್ದ.

"ಹ್ವಾಯ್, ನಾನ್ ಗ್ಯಾಸ್ ಸಿಲಿಂಡರ್ ತಂದವ. ನಂಗೆ ಒಂದ್ ಸಹಿ ಸಾಕಿತ್ತ್."

ಒಳಗಿನಿಂದ ಸುಗುಣಾ ಕೈ ಒರೆಸಿಕೊಳ್ಳುತ್ತ ಬಂದರು. "ನಂಗೆ ಒಳಗೇ ಕೇಂಡಿತ್. ಫೈಲ್ ಕೊಡಿ."

ಒಂದೊಂದೇ ಪತ್ರ ಓದಿದರು. ವೈದ್ಯರಿಗೆ ಫೋನ್ ಮಾಡಿ ಮಾತಾಡಿದರು.

"ಮೂರ್ ತಿಂಗ್ಳ್ ಕಾಂಬ. ಹೊತ್ತಿಗ್ ಸರಿ ಬರ್ಕ್. ನಾಳೆ ಒಂದ್ ಉಪನಯನ ಇತ್ತ್, ನಾನೂರ್ ಎಲೆ." ಅವನು ಅಲುಗಾಡಲಿಲ್ಲ. "ಎಂತ, ಇನ್ನೂ ಹೇಳುಕಿತ್ತಾ?"

"ಇಲ್ಲೆ ಅಕ್ಕ," ಎಂದ ರವಿರಾಜ. "ಹೇಳುದೆಲ್ಲ ಮುಗೀತ್."

ಮೂರು ತಿಂಗಳು ಹೋಗಿ ಎಂಟು ತಿಂಗಳಾಯಿತು. ಮೊನ್ನೆ ಸ್ವಸಹಾಯ ಸಂಘದ ಸಭೆಯ ನಂತರ ಕಮಲ ಎಂಬವಳು, ಜೈಲಿನಿಂದ ಬಂದ ತನ್ನ ತಮ್ಮನ ವಿಷಯವನ್ನು ಚಂದ್ರಾವತಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಚಂದ್ರಾವತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಗುಟ್ಟ್ ಎಂತಕ್ಕೆ? ನನ್ನ ಮಗನೂ ಹೋಯಿ ಬಂದವನೇ. ನಾಳೆ ತಮ್ಮನ್ನ ಕರ್ಕಂಡ್ ಬಾ, ರಮ್ಯಶ್ರೀ ಹತ್ರ ಹೋಪ."

ನಿಮ್ಮ ಮನೆಯಲ್ಲೂ ಶಿಕ್ಷೆ ಮುಗಿಸಿ ಬಂದವರಿದ್ದರೆ ಬಚ್ಚಿಡಬೇಡಿ. ಕಾಗದಪತ್ರ ಜೋಡಿಸಿ. ಕೆಲವು ಕೆಲಸಗಳಿಗೆ ನಿಯಮ ಬೇರೆ ಇರುತ್ತದೆ, ಅರ್ಜಿ ಹಾಕುವ ಮೊದಲು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಕೆಲಸ ಕೊಡುವವರೇ, ನಿಮ್ಮಲ್ಲೂ ಒಂದು ಮಾತು: ಹಳೆಯ ತಪ್ಪನ್ನು ಹೇಳಿಕೊಂಡು ಒಬ್ಬ ನಿಮ್ಮೆದುರು ನಿಂತರೆ, ಬಾಗಿಲು ತೋರಿಸುವ ಮೊದಲು ಕುರ್ಚಿ ತೋರಿಸಿ.