ಮೀಸೆ ಬಂತು

ಅಣ್ಣನ ಅಂಗಿಯ ತೋಳು ಅವಳ ಮುಷ್ಟಿಯಲ್ಲಿತ್ತು. ಅವನು ಬೀದಿಯ ಕಡೆಗೆ ಎಳೆದ, ಅವಳು ಮನೆಯ ಕಡೆಗೆ ಎಳೆದಳು, ನಡುವೆ ಸಿಕ್ಕಿಕೊಂಡ ಗೇಟು ಕಿರುಗುಟ್ಟಿತು.

“ಬಿಡೇ. ನೋಡಿದ್ದಾಯ್ತು, ಹೋಗ್ತೀನಿ.”

“ಏನು ನೋಡಿದೆ? ಗೇಟು ನೋಡಿದೆ, ಗೋಡೆ ನೋಡಿದೆ. ಒಳಗೆ ಮಲಗಿರೋದು ನಿನ್ನ ತಂಗಿ ಗಂಡ ಕಣೋ ಅಣ್ಣ. ಬಾ ಒಳಗೆ.”

ಅವನು ಬಾಗಿಲಿನ ಕಡೆ ಗದ್ದ ಎತ್ತಿ ತೋರಿಸಿದ. ಅಲ್ಲಿ ಚೌಕಟ್ಟಿನ ಎರಡೂ ಬದಿಗೆ ಕೈ ಕೊಟ್ಟು ಅವಳ ಮಗ ನಿಂತಿದ್ದ. ಅಪ್ಪ ಹೋದ ದುಃಖಕ್ಕಿಂತ ಮಾವ ಬಂದ ಸಿಟ್ಟೇ ಅವನ ಮುಖದಲ್ಲಿ ಹೆಚ್ಚಾಗಿ ಕಾಣುತ್ತಿತ್ತು.

“ಅಮ್ಮ, ಅವರು ಈ ಹೊಸ್ತಿಲು ದಾಟಿದ್ರೆ ನಾನು ಹೆಗಲು ಕೊಡಲ್ಲ. ನಾಲ್ಕನೇ ಹೆಗಲಿಗೆ ಗಾಡಿ ಡ್ರೈವರ್ ಬರ್ತೀನಿ ಅಂದಿದ್ದಾನೆ. ಇವರೇನೂ ಬೇಕಾಗಿಲ್ಲ.”

ಬೀದಿ ಇಕ್ಕಟ್ಟು. ಶವದ ಗಾಡಿ ಒಳಗೆ ಬರಲಾರದೆ ಮೂಲೆಯಲ್ಲಿ ನಿಂತಿತ್ತು. ಅಲ್ಲಿಯವರೆಗೆ ನಾಲ್ವರು ಹೊತ್ತುಕೊಂಡೇ ಹೋಗಬೇಕು. ಮಗ, ಪಕ್ಕದ ಮನೆಯ ಟೈಲರ್, ಎದುರು ಮನೆಯ ಪೋಸ್ಟ್‌ಮ್ಯಾನ್, ಅಲ್ಲಿಗೆ ಮೂವರಾದರು. ನಾಲ್ಕನೆಯ ಜಾಗವನ್ನು ಅವಳು ಬೆಳಿಗ್ಗೆಯಿಂದ ಅಣ್ಣನಿಗೆಂದು ಹಿಡಿದಿಟ್ಟುಕೊಂಡಿದ್ದಳು. ಇವತ್ತು ಗೇಟಿನಿಂದಲೇ ತಿರುಗಿ ಹೋದರೆ ಅವನು ಇನ್ನು ಈ ಬೀದಿಗೆ ಕಾಲಿಡುವ ಪೈಕಿ ಅಲ್ಲ. ಗಂಡನ ಜೊತೆಗೆ ತವರೂ ಹೋದ ಹಾಗೆಯೇ ಸರಿ.

ಬೆಂಚಿನ ಮೇಲೆ ಕೂತವರಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಅಂದರು, “ಮೀಸೆ ಬಂತು ನೋಡಿ.”

ಅಣ್ಣನಿಗೆ ಅದು ಕೇಳಿಸಿತು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಅವನ ಮುಖಕ್ಕೆ ಅಂಟಿಕೊಂಡೇ ಇತ್ತು.

“ಕೇಳಿದ್ಯಾ?” ಅಂದ. “ಸತ್ತ ಮೇಲೂ ನನ್ನ ಬಿಡಲಿಲ್ಲ ನಿನ್ನ ಗಂಡ.”

*

ಮದುವೆಗೆ ಮುಂಚೆ ಅವಳ ಮನೆಯ ರೇಡಿಯೋ ಪದೇ ಪದೇ ಕೆಡುತ್ತಿತ್ತು. ಕೆಡಿಸುತ್ತಿದ್ದವಳು ಅವಳೇ. ಹಿಂದಿನ ಮುಚ್ಚಳ ತೆಗೆದು ಒಂದು ತಂತಿ ಕಿತ್ತರೆ ಸಾಕು, ರಿಪೇರಿ ಅಂಗಡಿಯಿಂದ ಆ ಸಣಕಲ ಹುಡುಗ ಸಾಮಾನಿನ ಚೀಲ ಹಿಡಿದು ಹಾಜರಾಗುತ್ತಿದ್ದ.

ಅಣ್ಣನೇನು ಕಣ್ಣು ಮುಚ್ಚಿಕೊಂಡಿದ್ದನೇ? ಒಂದು ಸಂಜೆ ಹಿತ್ತಲಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಅಣ್ಣ ದೊಣ್ಣೆ ಎತ್ತಿಕೊಂಡ, ಹುಡುಗ ಗೋಡೆ ಹತ್ತಿದ. ಗೋಡೆಯಿಂದ ಪಕ್ಕದ ಮನೆಯ ಸಜ್ಜೆಗೆ ದಾಟುವಾಗ ಕಾಲಡಿಯ ಇಟ್ಟಿಗೆ ಕಳಚಿತು. ಕೆಳಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ ಅಣ್ಣ ದೊಣ್ಣೆ ಎಸೆದು ಎರಡೂ ಕೈ ಚಾಚಿದ. ಹುಡುಗನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಅಣ್ಣನ ಎಡಗೈ ಮುರಿಯಿತು.

“ಮದುವೆ ಮಾಡ್ಕೊಂಡು ಹಾಳಾಗಿ ಹೋಗಿ,” ಅಂದಿದ್ದ ಆಸ್ಪತ್ರೆಯ ಮಂಚದ ಮೇಲೆ. “ಇಲ್ದಿದ್ರೆ ನನ್ನ ಕೈ ಮುರಿದಿದ್ದು ದಂಡ.”

ಮೊಣಕೈ ಸೊಟ್ಟಗೇ ಕೂಡಿಕೊಂಡಿತು. ಆ ಕಡೆಯ ಹೆಗಲು ಅಂದಿನಿಂದ ಜೋತುಬಿದ್ದೇ ಇತ್ತು.

*

ಆಮೇಲೆ ಅವಳ ಗಂಡ ಮನೆಗೆ ಅಂಟಿಕೊಂಡಂತೆ ಸ್ವಂತ ಅಂಗಡಿ ಇಟ್ಟ. ಯಾರೋ ರಿಪೇರಿಗೆ ಕೊಟ್ಟ ಕಂಪ್ಯೂಟರನ್ನು ವಾಪಸು ಕೇಳಲು ಯಾರೂ ಬರಲಿಲ್ಲ. ಅದರ ಮುಂದೆ ಕೂತವನು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಎಲ್ಲಿ ಏನು ಕಲಿತನೋ, ಒಂದು ಆಟ ಕಟ್ಟಿಬಿಟ್ಟ. ಚೌಕ ಚೌಕ ಚುಕ್ಕಿಗಳ ಒಬ್ಬ ಪೋರ ಗೋಡೆ ಹತ್ತಿ ಹಣ್ಣು ಕದಿಯುತ್ತಾನೆ, ಮೀಸೆಯ ಕಾವಲುಗಾರ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಮೀಸೆ ತಗುಲಿದರೆ ಪೋರ ಸತ್ತ. ಆಟದ ಹೆಸರೇ ‘ಮೀಸೆ ಬಂತು!’ ಪ್ರತಿ ಹಂತವನ್ನೂ ಮೊದಲು ಆಡಿ ನೋಡುತ್ತಿದ್ದವಳು ಅವಳೇ. ಒಲೆಯ ಮೇಲಿನದು ಎಷ್ಟು ಸಲ ಸೀದಿತ್ತೋ.

ಫ್ಲಾಪಿ ಡಿಸ್ಕುಗಳಿಗೆ ತುಂಬಿ, ಮಗನ ಕೈಯಿಂದ ಚೀಟಿ ಅಂಟಿಸಿ, ಬುಟ್ಟಿಯಲ್ಲಿಟ್ಟು ಹಂಚಿದ. ತೆರೆದ ಕೂಡಲೇ ಪರದೆಯ ಮೇಲೆ ಬರುತ್ತಿತ್ತು: ‘ಮೂರು ಹಂತ ಪುಕ್ಕಟೆ. ನಕಲು ಮಾಡಿ ಗೆಳೆಯರಿಗೂ ಕೊಡಿ. ಹಿಡಿಸಿದರೆ ಹಣ ಕಳಿಸಿ, ಪೂರ್ತಿ ಆಟ ಕಳಿಸುತ್ತೇನೆ.’ ನಕಲು ಮಾಡಿದವರಿಗೆ ಲೆಕ್ಕವಿಲ್ಲ, ಹಣ ಕಳಿಸಿದವರು ಬೆರಳೆಣಿಕೆ. ಮೀಸೆ ಅಟ್ಟಿಸಿಕೊಂಡು ಬರುವುದನ್ನು ಊರೆಲ್ಲ ನೋಡಿತು. ಕೊನೆಗೆ ಏನಾಗುತ್ತದೆಂದು ನೋಡಿದವರು ಯಾರೂ ಇಲ್ಲವೆನ್ನುವಷ್ಟು ಕಡಿಮೆ.

ಅಣ್ಣ ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವನು. ಥೇಟ್ ಅದೇ ಮೀಸೆ. ಅವನು ಬಸ್ಸು ಹತ್ತಿದರೆ ಸಾಕು, ಶಾಲೆಯ ಮಕ್ಕಳು ಹಿಂದಿನ ಸೀಟಿನಿಂದ “ಮೀಸೆ ಬಂತು, ಓಡ್ರೋ!” ಎಂದು ಕಿರುಚುತ್ತಿದ್ದರು. ಕಂಡಕ್ಟರುಗಳೂ ಮುಸಿಮುಸಿ ನಗುತ್ತಿದ್ದರು. ಒಂದು ದಿನ ಅಂಗಡಿಗೆ ನುಗ್ಗಿದವನೇ ಬುಟ್ಟಿಯ ಫ್ಲಾಪಿಗಳನ್ನೆಲ್ಲ ಚರಂಡಿಗೆ ಸುರಿದ.

“ನಿನಗೋಸ್ಕರ ಕೈ ಮುರ್ಕೊಂಡೆ. ನೀನು ಊರಿಗೆಲ್ಲ ನನ್ನ ದೊಣ್ಣೆ ಮಾತ್ರ ತೋರಿಸಿದ್ಯಲ್ಲೋ!”

“ಭಾವ, ಕೊನೇ ಹಂತ ನೋಡಿ, ಆಮೇಲೆ ಬೈಯಿರಿ,” ಅಂದ ಗಂಡ. ಕೇಳಲು ಅಣ್ಣ ಅಲ್ಲಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಮಗ ಗೋಂದು ಮೆತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತ ಅಳುತ್ತಿದ್ದ.

ಪೂರ್ತಿ ಆಟದ ಫ್ಲಾಪಿಯನ್ನು ಅವಳು ಟೈಲರ್ ಕೈಯಲ್ಲಿ ಅಣ್ಣನಿಗೆ ಕಳಿಸಿದಳು. ಅದು ಎರಡು ತುಂಡಾಗಿ ವಾಪಸು ಬಂತು. ಆಗ ಗಂಡನಿಗೂ ಹಟ ಹತ್ತಿತು. “ನೋಡೋದಾದ್ರೆ ಇಲ್ಲಿಗೇ ಬಂದು ನೋಡ್ಲಿ,” ಅಂದುಬಿಟ್ಟ. ಇವನು ಹೋಗಲಿಲ್ಲ, ಅವನು ಬರಲಿಲ್ಲ. ಮನೆಯಲ್ಲಿ ಅಣ್ಣನ ಸುದ್ದಿಯೇ ನಿಂತುಹೋಯಿತು. ಇಬ್ಬರು ಮೊಂಡರ ನಡುವೆ ಸಿಕ್ಕಿ ಅವಳು ಒಳಗೊಳಗೇ ಬೆಂದಳು.

*

“ಹೊಸ್ತಿಲು ದಾಟಬೇಡ. ಆಯ್ತಾ?” ಅಂದಳು ಅವಳು ಅಣ್ಣನ ತೋಳು ಬಿಡದೆ. “ಅಂಗಡಿಗೆ ಬಾಗಿಲು ಬೇರೆ ಇದೆ. ಒಂದೇ ಒಂದು ಆಟ ಆಡು. ಆಮೇಲೂ ಹೋಗಬೇಕು ಅನ್ನಿಸಿದ್ರೆ ಹೋಗು, ನಾನು ತಡೆಯಲ್ಲ.”

ಷಟರ್ ಎತ್ತಿದಳು. ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿ, ಎಡಮಗ್ಗುಲಿಗೆ ಒಂದು ಏಟು ಬಿಗಿದಳು. ಹಾಗೆ ಹೊಡೆದರೆ ಮಾತ್ರ ಅದು ಏಳುತ್ತಿತ್ತು. ಒಳಬಾಗಿಲಿನಿಂದ ಮಗ ಧಾವಿಸಿ ಬಂದ.

“ಅಮ್ಮ, ನಿಂಗೆ ತಲೆ ಸರಿ ಇದೆಯಾ? ಅಪ್ಪ ಅಲ್ಲಿ ಮಲಗಿದಾರೆ, ಇಲ್ಲಿ ಆಟಾನಾ? ಜನ ಏನಂದಾರು?”

“ಜನ ಏನಾದ್ರೂ ಅಂದ್ಕೊಳ್ಲಿ. ನೀನು ಸುಮ್ನಿರು.”

ಮೂಲೆಯಲ್ಲಿ ಗಾಡಿಯ ಹಾರನ್ ಕೇಳಿಸಿತು. ಅವಳು ಕೊನೆಯ ಹಂತ ತೆರೆದಳು. ಅಣ್ಣ ಸ್ಟೂಲಿನ ತುದಿಯಲ್ಲಿ ಕೂತ. ಯಾವ ಕೀಲಿಗೆ ಏನೆಂದು ಕೇಳಲೇ ಇಲ್ಲ, ಬೆರಳುಗಳು ತಾವಾಗಿಯೇ ಜಾಗ ಹುಡುಕಿಕೊಂಡವು.

“ಆಡಿದೀಯಾ?” ಅವಳು ಬೆರಗಾದಳು.

“ಪುಕ್ಕಟೆ ಬಂದ ಮೂರು ಹಂತ,” ಅಂದ ಅವಳ ಮುಖ ನೋಡದೆ. “ಯಾರಿಗೂ ಹೇಳಬೇಡ. ನನ್ನಿಂದ ನಾನೇ ತಪ್ಪಿಸಿಕೊಂಡು ಎಷ್ಟು ಸಲ ಓಡಿದೀನೋ.”

ಪರದೆಯ ಮೇಲೆ ಎತ್ತರದ ಗೋಡೆ. ಏಣಿಯಿಲ್ಲ. ಪೋರನ ಹಿಂದೆ ಇಟ್ಟಿಗೆಗಳು ಒಂದೊಂದಾಗಿ ಉದುರುತ್ತಿದ್ದವು. ಕೆಳಗೆ ಮೀಸೆ ದೊಣ್ಣೆ ಹಿಡಿದು ನಿಂತಿತ್ತು. ಅಣ್ಣ ಚುರುಕಾಗಿಯೇ ಓಡಿಸಿದ, ನೆಗೆಸಿದ. ಇಟ್ಟಿಗೆಗಳು ಮುಗಿದು, ಮೀಸೆಯಿಂದ ದೂರದಲ್ಲಿ ನೆಲಕ್ಕೆ ಬಿದ್ದು ಪೋರ ಸತ್ತ. ಇನ್ನೊಂದು ಸಲ ಆಡಿದ, ಅದೂ ಹಾಗೆಯೇ ಹೋಯಿತು. ಉಳಿದದ್ದು ಒಂದೇ ಜೀವ.

“ಇದಕ್ಕೆ ದಾರಿನೇ ಇಲ್ವಲ್ಲೇ!”

“ಇದೆ ಅಣ್ಣ. ಕೆಳಗೆ.”

“ಕೆಳಗೆ ಆ ಮಾರಿ ನಿಂತಿದೆ. ತಗುಲಿದ್ರೆ ಮುಗೀತು.”

ಡ್ರೈವರ್ ಅಂಗಡಿಯ ಬಾಗಿಲಿಗೇ ಬಂದ. “ಅಮ್ಮ, ಹೊರಡ್ತೀರೋ ಇಲ್ವೋ? ಹೊತ್ತು ಮೀರಿದ್ರೆ ಸ್ಮಶಾನದಲ್ಲಿ ನಮ್ಮ ಸರದಿ ಬೇರೆಯವರಿಗೆ ಹೋಗುತ್ತೆ.”

ಅಣ್ಣ ಅರ್ಧ ಎದ್ದ. “ಅವನ ಆಟ ಅವನಿಗೇ ಇರಲಿ. ನನ್ನ ಕೈಲಾಗಲ್ಲ.” ಇಟ್ಟಿಗೆಗಳು ಉದುರುತ್ತಲೇ ಇದ್ದವು. ಪೋರನ ಕಾಲಡಿಯಲ್ಲಿ ಇನ್ನು ಎರಡೇ ಎರಡು.

ಹಿಂದೆ ನಿಂತಿದ್ದ ಮಗನಿಗೆ ತಡೆಯಲಾಗಲಿಲ್ಲ. ಎಷ್ಟೇ ಸಿಟ್ಟಿದ್ದರೂ ಕೊನೆಯ ಜೀವವನ್ನು ಹೀಗೆ ಕಳೆಯುವುದನ್ನು ಆ ಆಟದ ಜೊತೆ ಬೆಳೆದವನು ಹೇಗೆ ನೋಡಿಯಾನು?

“ಬೀಳಿ ಮಾವ! ಅವನ ಮೇಲೇ ಬೀಳಿ!”

ಅಣ್ಣ ನಿಂತಲ್ಲಿಂದಲೇ ಕೀಲಿ ಒತ್ತಿದ. ಪೋರ ಬಿದ್ದ.

ಮೀಸೆ ದೊಣ್ಣೆ ಎಸೆಯಿತು. ಎರಡೂ ಕೈ ಚಾಚಿತು. ಬಲಗೈ ನೆಟ್ಟಗಿತ್ತು, ಎಡಗೈ ಮೊಣಕೈಯಲ್ಲಿ ಸೊಟ್ಟಗಿತ್ತು. ಪೋರ ಆ ಕೈಗಳ ಮೇಲೆ ಬಂದು ಕೂತ. ಪೆಟ್ಟಿಗೆಯೊಳಗಿಂದ ತೆಳ್ಳನೆಯ ಪೀಪಿ ಸದ್ದು ಮೊಳಗಿತು.

ಮಗ ಪರದೆಯನ್ನೇ ನೋಡುತ್ತಿದ್ದವನು ಮೆಲ್ಲಗೆ ಮಾವನ ತೋಳಿನ ಕಡೆ ತಿರುಗಿದ.

“ಆ ಎಡಗೈ...” ಅಂದ. “ಅಪ್ಪಂಗೆ ಕೈ ಚಿತ್ರ ಬರೆಯೋಕೆ ಬರಲ್ಲ ಅಂತ ನಾನು ನಗ್ತಿದ್ದೆ, ಅಮ್ಮ.”

“ಬರ್ತಿತ್ತು. ನೆಟ್ಟಗೆ ಬಂದಿದ್ದನ್ನ ಅಳಿಸಿ ಅಳಿಸಿ ಸೊಟ್ಟ ಮಾಡಿದ್ರು. ಗೋಡೆಯಿಂದ ಬಿದ್ದೋರು ನಿಮ್ಮಪ್ಪಾನೇ ಕಣೋ. ಹಿಡಿದದ್ದು ನಿಮ್ಮಾವ.”

ಅಣ್ಣ ಮೀಸೆಯಿಲ್ಲದ ತುಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಿಕ್ಕಿದ. “ಹಾಳಾದೋನೇ,” ಅಂದ ಒಳಕೋಣೆಯ ಕಡೆ ನೋಡಿ. “ಇದನ್ನ ಮೊದಲನೇ ಹಂತದಲ್ಲೇ ಇಡೋಕೆ ಏನಾಗಿತ್ತೋ ನಿನಗೆ?”

ಮಗ ಮೂಗು ಒರೆಸಿಕೊಂಡ. ಡ್ರೈವರ್ ಕಡೆ ತಿರುಗಿ, “ನೀವು ಗಾಡಿ ಹತ್ರ ಇರಿ,” ಅಂದ. ಆಮೇಲೆ ಒಳಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ.

ನಾಲ್ವರೂ ಎತ್ತಿದರು. ಉಳಿದಿದ್ದ ಜಾಗ ಎಡ ಹೆಗಲಿನದು. ಅಣ್ಣ ಜೋತುಬಿದ್ದ ಆ ಹೆಗಲನ್ನೇ ಕೊಟ್ಟ. ಗೇಟು ದಾಟುವಷ್ಟರಲ್ಲಿ ಚಟ್ಟ ಅವನ ಕಡೆಗೆ ವಾಲಿತು. ಅವನು ಹಲ್ಲು ಕಚ್ಚಿ ಹೆಗಲೆತ್ತಲು ನೋಡಿದ, ಆಗಲಿಲ್ಲ. ಬೆಂಚಿನ ಮೇಲಿದ್ದವರು ಗಾಬರಿಯಿಂದ ಎದ್ದರು. ಷಟರ್ ಹಿಡಿದು ನಿಂತಿದ್ದ ಅವಳು ಒಂದು ಹೆಜ್ಜೆ ಮುಂದಿಟ್ಟಳು.

ಮುಂದಿದ್ದ ಮಗ ತಿರುಗಿ ನೋಡಿದ. ಮೊಣಕಾಲು ಮಡಿಸಿ ತನ್ನ ಹೆಗಲನ್ನು ಇಳಿಸಿಕೊಂಡ. ಅದನ್ನು ಕಂಡು ಟೈಲರ್ ಬಗ್ಗಿದ, ಪೋಸ್ಟ್‌ಮ್ಯಾನೂ ಬಗ್ಗಿದ. ಚಟ್ಟ ನೆಟ್ಟಗಾಯಿತು. ನಾಲ್ವರೂ ಹಾಗೆ ಕುಗ್ಗಿಕೊಂಡೇ, ಒಂದೇ ಮಟ್ಟದಲ್ಲಿ, ಬೀದಿಯ ಮೂಲೆಯವರೆಗೂ ನಡೆದರು.